ಹಳೆಯ ಡೀಸೆಲ್ ಬಸ್ಸು ದಾರಿಯಲ್ಲಿ ನಿಲ್ಲದಿರಲಿ

ಬೀದರ್ ಜಿಲ್ಲೆಯ ಔರಾದಕ್ಕೆ ಇನ್ನೂ ರೈಲು ಬಂದಿಲ್ಲ. ಭಾಲ್ಕಿ, ಬೀದರ್‌ಗಳಿಗೆ ಹಳಿ ಇದೆ. 2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ಮಾರ್ಗವೂ ತೆರೆಯಿತು. ಆದರೆ ತುಳಜಾಪುರದ ಭವಾನಿಗೆ ಹರಕೆ ಒಪ್ಪಿಸಲು, ಖಾನಾಪುರದ ಮೈಲಾರ ಮಲ್ಲಣ್ಣನ ಮುಂದೆ ಕೂಸಿನ ಜವಳ ತೆಗೆಸಲು, ಗಾಣಗಾಪುರಕ್ಕೆ, ಪಂಢರಪುರಕ್ಕೆ, ಇಲ್ಲವೇ ಹೈದರಾಬಾದಿನ ಮದುವೆಗೆ ಅಜ್ಜಿಯಿಂದ ತೊಟ್ಟಿಲ ಮಗುವಿನ ತನಕ ಇಪ್ಪತ್ತೈದು ಮಂದಿ ಒಟ್ಟಿಗೆ ಹೊರಡಬೇಕಾದಾಗ ರೈಲಿನ ವೇಳೆ ಹೊಂದುವುದಿಲ್ಲ. ಬಾಡಿಗೆಗೆ ಕ್ರೂಸರ್ ತೆಗೆದುಕೊಂಡರೆ ಎರಡು ಮೂರು ಬೇಕು. ಲಗ್ನದ ದಿನಗಳಲ್ಲಿ ಒಂದು ಸಿಗುವುದೂ ಕಷ್ಟ. ಅಣ್ಣತಮ್ಮಂದಿರು ಸೇರಿ ಒಂದು ಹಳೆಯ ಮಿನಿ ಬಸ್ಸು ಕೊಂಡು ಮನೆಯ ಮುಂದೆ ನಿಲ್ಲಿಸಿಕೊಳ್ಳುವ ಯೋಚನೆ ಹುಟ್ಟುವುದು ಇಂಥ ಹೊತ್ತಿನಲ್ಲೇ.

ಆ ಯೋಚನೆ ತಪ್ಪಲ್ಲ. ಶಾಲೆಗೋ ಕಾರ್ಖಾನೆಗೋ ಓಡಿ ಮುಗಿದ ಬಸ್ಸುಗಳು ಮಾರಾಟಕ್ಕೆ ಬರುತ್ತಲೇ ಇರುತ್ತವೆ. 1986ರಲ್ಲಿ ಬಂದ ಟಾಟಾ 407ರ ಚಾಸಿ ಮೇಲೆ ಕಟ್ಟಿದವು, 1987ರಿಂದ ಓಡುತ್ತಿರುವ ಟೆಂಪೋ ಟ್ರಾವೆಲರ್, ಸ್ವರಾಜ್ ಮಜ್ದಾ, ಐಷರ್, ಇನ್ನೂ ದೊಡ್ಡವು ಬೇಕೆಂದರೆ ಲೇಲ್ಯಾಂಡ್ ಮತ್ತು ಟಾಟಾದ ಪೂರ್ಣ ಗಾತ್ರದ ಬಸ್ಸುಗಳು. ಇವುಗಳಲ್ಲಿ ಹಳೆಯವುಗಳ ಎಂಜಿನ್ ಗಟ್ಟಿ. ಸರಿಯಾಗಿ ನೋಡಿಕೊಂಡರೆ ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತವೆ. ಹಾಗಾದರೆ ಇಂಥ ಬಸ್ಸು ನಡುರಾತ್ರಿ ಉಮರಗಾ ದಾಟಿದ ಮೇಲೆ ಹೆಂಗಸರು ಮಕ್ಕಳನ್ನು ತುಂಬಿಕೊಂಡು ಯಾಕೆ ನಿಂತುಬಿಡುತ್ತದೆ? ಬಹಳಷ್ಟು ಸಲ ಅದನ್ನು ನಿಲ್ಲಿಸುವುದು ಅಗ್ಗದ ಸಾಮಾನು: ಒಡೆದ ಹೋಸ್ ಪೈಪು, ಸಡಿಲ ಬೆಲ್ಟು, ಕಟ್ಟಿದ ಡೀಸೆಲ್ ಫಿಲ್ಟರು, ತುಕ್ಕು ಹಿಡಿದ ಬ್ಯಾಟರಿ ತಂತಿ. ಕೊಳ್ಳುವವರು ಎಂಜಿನ್ ಸದ್ದು ಕೇಳಿ ತಲೆದೂಗುತ್ತಾರೆ. ರಬ್ಬರು, ನೀರು, ದೂಳು, ತಂತಿ ಈ ನಾಲ್ಕನ್ನು ನೋಡುವುದಿಲ್ಲ. ಈ ಲೇಖನ ಮುಖ್ಯವಾಗಿ ಆ ನಾಲ್ಕರ ಬಗ್ಗೆ. ಅದರ ಜೊತೆ ಬ್ರೇಕು ಮತ್ತು ಬೆಂಕಿ, ಯಾಕೆಂದರೆ ಬ್ರೇಕು ಕೆಟ್ಟರೆ, ಬೆಂಕಿ ಹತ್ತಿದರೆ ಬರೀ ದಾರಿಯಲ್ಲಿ ನಿಲ್ಲುವುದಕ್ಕೆ ಮುಗಿಯುವುದಿಲ್ಲ.

ನೀರು ಮತ್ತು ಗರಂ

ಬೀದರ್ ಜಿಲ್ಲೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಅದೇ ತಿಂಗಳು ಲಗ್ನಗಳ ಸುಗ್ಗಿ. ಅಂದರೆ ಬಸ್ಸು ಅತಿ ಹೆಚ್ಚು ಜನರನ್ನು ಹೊತ್ತು ಅತಿ ಬಿಸಿ ಗಾಳಿಯಲ್ಲಿ ಓಡುವ ಕಾಲವೂ ಅದೇ. ಬೀದರ್ ನಗರ ಇರುವುದು ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿ. ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರಿನಲ್ಲಿ ನೀರು ಅಷ್ಟು ಬೇಗ ಕುದಿಯದಂತೆ ತಡೆಯುವುದು ಅದರ ಮುಚ್ಚಳ. ಮುಚ್ಚಳದೊಳಗಿನ ಸ್ಪ್ರಿಂಗು ನೀರಿನ ಮೇಲೆ ಒತ್ತಡ ಹಿಡಿದಿಡುತ್ತದೆ, ಒತ್ತಡ ಏರಿದಂತೆ ಕುದಿಯುವ ಬಿಂದುವೂ ಏರಿ 115 ಡಿಗ್ರಿ ದಾಟುತ್ತದೆ. ಮುಚ್ಚಳದ ರಬ್ಬರು ವಾಷರು ಹಳತಾಗಿ ಸೀಳಿದರೆ ಒತ್ತಡ ನಿಲ್ಲುವುದಿಲ್ಲ. ಆಗ ಬಸ್ಸು ಗರಂ ಆಗುತ್ತದೆ, ಮಿಸ್ತ್ರಿ ರೇಡಿಯೇಟರ್ ಬಿಚ್ಚುತ್ತಾನೆ, ಥರ್ಮೋಸ್ಟಾಟ್ ಕಿತ್ತು ಎಸೆಯುತ್ತಾನೆ, ಮುಚ್ಚಳ ಮಾತ್ರ ಅದೇ ಇರುತ್ತದೆ. ಮೊದಲು ಮುಚ್ಚಳ ಬದಲಿಸಿ ನೋಡಿ.

ಥರ್ಮೋಸ್ಟಾಟ್ ಕಿತ್ತುಹಾಕುವುದು ನಮ್ಮ ಕಡೆ ಎಲ್ಲೆಲ್ಲೂ ಇರುವ ಅಭ್ಯಾಸ. ಅದು ಬೇಡ. ನೀರು ನಿಗದಿತ ಬಿಸಿಗೆ ಬರುವ ತನಕ ಅದನ್ನು ಎಂಜಿನ್ ಒಳಗೇ ಸುತ್ತಿಸುವ ಬಾಗಿಲು ಅದು. ಕಿತ್ತರೆ ಎಂಜಿನ್ ಚಳಿಗಾಲದಲ್ಲಿ ತಣ್ಣಗೇ ಓಡುತ್ತದೆ, ಡೀಸೆಲ್ ಪೂರ್ತಿ ಉರಿಯದೆ ಆಯಿಲಿಗೆ ಇಳಿಯುತ್ತದೆ, ಸವೆತ ಹೆಚ್ಚುತ್ತದೆ.

ಇನ್ನು ಯಾವ ನೀರು ಹಾಕಬೇಕು ಎಂಬ ಪ್ರಶ್ನೆ. ಬೋರಿನ ನೀರು ಗಡಸು. ಚಹಾ ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ಮನೆಯಲ್ಲಿ ನೋಡುತ್ತೀರಿ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟುತ್ತದೆ, ಒಮ್ಮೆ ಕಟ್ಟಿದರೆ ಬಿಡಿಸುವುದು ಸುಲಭವಲ್ಲ. ಡಿಸ್ಟಿಲ್ಡ್ ವಾಟರಿಗೆ ಕೂಲಂಟ್ ಬೆರೆಸಿ ಹಾಕಿ, ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ, ಕೂಲಂಟ್ ಯಾಕೆ ಎಂದು ಕೇಳುವವರಿದ್ದಾರೆ. ಅದರಲ್ಲಿರುವ ತುಕ್ಕು ತಡೆಯುವ ರಸಾಯನಕ್ಕಾಗಿ ಬೇಕು. ದಾರಿಯಲ್ಲಿ ತುರ್ತಿಗೆ ಯಾವ ನೀರಾದರೂ ಹಾಕಿ, ಊರಿಗೆ ಬಂದ ಮೇಲೆ ಪೂರ್ತಿ ಬಸಿದು ಹೊಸದು ತುಂಬಿ.

ಹೋಸ್ ಪೈಪನ್ನು ಎಂಜಿನ್ ತಣ್ಣಗಿದ್ದಾಗ ಕೈಯಲ್ಲಿ ಹಿಚುಕಿ ನೋಡಬೇಕು. ಕಟಕಟ ಎಂದು ಗಟ್ಟಿಯಾಗಿದ್ದರೂ ಕೆಟ್ಟದ್ದೇ, ಮೆತ್ತಗಾಗಿ ಉಬ್ಬಿದ್ದರೂ ಕೆಟ್ಟದ್ದೇ. ಫ್ಯಾನ್ ಬೆಲ್ಟನ್ನು ಎರಡು ಪುಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಒಂದರಿಂದ ಒಂದೂವರೆ ಸೆಂಟಿಮೀಟರ್ ತಗ್ಗಬೇಕು. ಹೆಚ್ಚು ತಗ್ಗಿದರೆ ಜಾರುತ್ತದೆ. ಏನೂ ತಗ್ಗದಿದ್ದರೆ ನೀರಿನ ಪಂಪು ಮತ್ತು ಆಲ್ಟರ್ನೇಟರಿನ ಬೇರಿಂಗು ಹೋಗುತ್ತದೆ.

ಸೋಯಾ, ಉದ್ದು, ಹೆಸರು, ತೊಗರಿ ಬೆಳೆಯುವ ಜಿಲ್ಲೆ ಇದು. ಒಕ್ಕಣೆಯ ದಿನಗಳಲ್ಲಿ ಹೊಟ್ಟು ಗಾಳಿಯಲ್ಲೇ ತೇಲುತ್ತಿರುತ್ತದೆ ಮತ್ತು ರೇಡಿಯೇಟರಿನ ಜಾಲರಿಯನ್ನು ಹೊರಗಿನಿಂದ ಮುಚ್ಚುತ್ತದೆ. ಎಂಜಿನ್ ಕಡೆಯಿಂದ ಹೊರಮುಖವಾಗಿ ನೀರು ಹಾಯಿಸಿ ತೊಳೆಯಿರಿ. ಮುಂದಿನಿಂದ ಹೊಡೆದರೆ ಹೊಟ್ಟು ಇನ್ನೂ ಒಳಗೆ ಕೂರುತ್ತದೆ. ಇದಕ್ಕಿಂತ ಅಪಾಯದ್ದು ರಸ್ತೆಯ ಮೇಲೆ ಹಾಸಿದ ಫಸಲು. ರೈತರು ಡಾಂಬರಿನ ಮೇಲೆ ಒಣಗಲು, ಗಾಡಿಗಳ ಗಾಲಿಗೆ ಸಿಕ್ಕಿ ಕಾಳು ಉದುರಲು ಹಾಸಿದ ಒಣ ಕಡ್ಡಿ ತಿರುಗುವ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಬಿಸಿ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುತ್ತದೆ. ಅಂಥ ಕಡೆ ಆದಷ್ಟು ಪಕ್ಕಕ್ಕೆ ಹೋಗಿ. ಮೇಲೆ ಹಾಯಲೇಬೇಕಾಗಿ ಬಂದರೆ ದಾಟಿದ ಕೂಡಲೇ ನಿಲ್ಲಿಸಿ, ಬಗ್ಗಿ ನೋಡಿ, ಸಿಕ್ಕಿಕೊಂಡ ಕಡ್ಡಿಯನ್ನು ಕೊಯ್ದು ತೆಗೆಯಿರಿ.

ಬಿಸಿ ತೋರಿಸುವ ಮೀಟರಿನ ಮುಳ್ಳು ಏರುತ್ತಿದೆ ಎಂದು ಕಂಡಾಗ ಏನು ಮಾಡಬೇಕು? ಗಾಡಿ ಪಕ್ಕಕ್ಕೆ ಹಾಕಿ. ನೀರು ಸೋರಿಲ್ಲ, ಬರೀ ಏರು ಹತ್ತಿ ಬಿಸಿಯಾಗಿದೆ ಎಂದಾದರೆ ಎಂಜಿನ್ ಆಫ್ ಮಾಡದೆ ನ್ಯೂಟ್ರಲ್‌ನಲ್ಲಿ ಸ್ವಲ್ಪ ಹೊತ್ತು ಓಡಲು ಬಿಡಿ, ಫ್ಯಾನು ತಿರುಗುತ್ತಿರಲಿ. ನೀರು ಸೋರಿ ಹೋಗಿದ್ದರೆ ತಕ್ಷಣ ಆಫ್ ಮಾಡಿ. ಎರಡರಲ್ಲೂ ಮುಚ್ಚಳಕ್ಕೆ ಕೈ ಹಚ್ಚಬೇಡಿ. ಅರ್ಧ ಗಂಟೆಯಾದರೂ ಬಿಟ್ಟು, ದಪ್ಪ ಬಟ್ಟೆ ಹಿಡಿದು, ಮೊದಲ ಕಚ್ಚಿನ ತನಕ ತಿರುಗಿಸಿ ಉಗಿ ಬಿಡಬೇಕು. ಕಾದ ಎಂಜಿನಿಗೆ ತಣ್ಣೀರು ಸುರಿದರೆ ಸಿಲಿಂಡರ್ ಹೆಡ್ ಬಿರುಕು ಬಿಡುತ್ತದೆ. ಹೊರಗೆ ಎಲ್ಲೂ ಸೋರದೆ ವಾರ ವಾರ ನೀರು ಕಡಿಮೆಯಾಗುತ್ತಿದೆ, ಎಂಜಿನ್ ಓಡುವಾಗ ರೇಡಿಯೇಟರಿನಲ್ಲಿ ಗುಳ್ಳೆ ಬರುತ್ತವೆ, ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿದೆ ಎಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಆ ಬಸ್ಸನ್ನು ಪ್ರವಾಸಕ್ಕೆ ತೆಗೆಯಬೇಡಿ.

ದೂಳು, ಡೀಸೆಲ್, ಆಯಿಲ್

ಬೀದರ್ ಸುತ್ತ ಕೆಂಪು ಜಂಬಿಟ್ಟಿಗೆ ಮಣ್ಣು, ಔರಾದದ ಕಡೆ ಎರೆ ಮಣ್ಣು. ಎರಡೂ ಬೇಸಿಗೆಯಲ್ಲಿ ನುಣ್ಣಗೆ ಏಳುತ್ತವೆ. ಆ ದೂಳು ಎಂಜಿನಿಗೆ ಹೊಕ್ಕರೆ ಪಿಸ್ಟನ್ ರಿಂಗು, ಲೈನರುಗಳನ್ನು ಉಜ್ಜಿ ತಿನ್ನುತ್ತದೆ. ಏರ್ ಫಿಲ್ಟರು ಎರಡು ಬಗೆ. ತೀರಾ ಹಳೆಯದರಲ್ಲಿ ತಳದಲ್ಲಿ ಎಣ್ಣೆ ಇರುವ ಬಟ್ಟಲು. ಅದನ್ನು ಬಿಚ್ಚಿ ಕೆಸರು ತೆಗೆದು ಗುರುತಿನವರೆಗೆ ಹೊಸ ಆಯಿಲ್ ಹಾಕಿದರೆ ಸಾಕು. ಈಚಿನವುಗಳಲ್ಲಿ ಕಾಗದದ್ದು. ಇದನ್ನು ತೊಳೆಯಬಾರದು, ಗಾಳಿ ಹೊಡೆಸುವುದಾದರೆ ಮೆಲ್ಲಗೆ, ಒಳಗಿನಿಂದ ಹೊರಗೆ. ಪಂಕ್ಚರ್ ಅಂಗಡಿಯ ಪೂರ್ತಿ ಹವಾ ಹಚ್ಚಿದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಹೊಸ ಫಿಲ್ಟರ್ ಹಾಕಿಯೂ ಎಂಜಿನ್ ಸವೆಯುತ್ತಿದ್ದರೆ ಫಿಲ್ಟರಿನಿಂದ ಎಂಜಿನಿಗೆ ಹೋಗುವ ರಬ್ಬರು ಕೊಳವೆಯ ಮಡಿಕೆಗಳನ್ನು ಬಿಡಿಸಿ ನೋಡಿ. ಸೀಳು ಇರುವುದು ಅಲ್ಲೇ.

ಹಳೆಯ ಡೀಸೆಲ್ ಎಂಜಿನಿನ ಚೆಲುವು ಅದರ ಇಂಧನ ಪಂಪಿನಲ್ಲಿದೆ. 1951ರಲ್ಲಿ ಶುರುವಾಗಿ ಈಗ ಬಾಷ್ ಎಂಬ ಹೆಸರಿನಲ್ಲಿರುವ ಬೆಂಗಳೂರಿನ ಮೈಕೊ ಕಂಪನಿಯ ಪಂಪುಗಳು ದೇಶದ ಬಹಳಷ್ಟು ಲಾರಿ ಬಸ್ಸುಗಳನ್ನು ಓಡಿಸಿದವು. ಪ್ರತಿ ಸಿಲಿಂಡರಿಗೂ ಸರಿಯಾದ ಗಳಿಗೆಯಲ್ಲಿ ಸರಿಯಾದಷ್ಟು ಡೀಸೆಲ್ಲನ್ನು 200 ಬಾರ್‌ನ ಆಸುಪಾಸಿನ ಒತ್ತಡಕ್ಕೆ ಏರಿಸಿ ನಾಜಲ್‌ಗೆ ತಳ್ಳುವ ಕೆಲಸವನ್ನು ಅದು ಬರೀ ಗಾಲಿ, ಕ್ಯಾಮ್, ಪ್ಲಂಜರುಗಳಿಂದ ಮಾಡುತ್ತದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಒಮ್ಮೆ ಸ್ಟಾರ್ಟ್ ಆದ ಎಂಜಿನ್ ಓಡಲು ಕರೆಂಟೇ ಬೇಡ. ಹಗಲಿನಲ್ಲಿ ಚಾರ್ಜಿಂಗ್ ನಿಂತರೂ ಬಸ್ಸು ಔರಾದದಿಂದ ಸಂತಪೂರ, ಜನವಾಡ ದಾಟಿ ಬೀದರ್ ಮುಟ್ಟುತ್ತದೆ. ಹಳೆಯ ಬಸ್ಸನ್ನೇ ಆಯ್ದುಕೊಳ್ಳಲು ಇದೊಂದು ಗಟ್ಟಿ ಕಾರಣ ಎಂದು ನನಗನಿಸುತ್ತದೆ: ಸಂತಪೂರದ ಮಿಸ್ತ್ರಿಯೂ ಅದನ್ನು ಪಾನಾ ಹಿಡಿದು ಸರಿಮಾಡಬಲ್ಲ.

ಆದರೆ ಈ ಪಂಪು ಎರಡನ್ನು ಸಹಿಸುವುದಿಲ್ಲ: ನೀರು ಮತ್ತು ಕೊಳೆ. ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿಯ ತೇವ ರಾತ್ರಿ ತಂಪಿಗೆ ಹನಿಗಟ್ಟಿ ತಳಕ್ಕೆ ಇಳಿಯುತ್ತದೆ. ತಿಂಗಳುಗಟ್ಟಲೆ ನಿಂತ ಬಸ್ಸಿನಲ್ಲಿ ಇದು ಹೆಚ್ಚು. ಆದ್ದರಿಂದ ಮಳೆಗಾಲದಲ್ಲಿ ನಿಲ್ಲಿಸುವಾಗ ಟ್ಯಾಂಕು ತುಂಬಿಸಿ ನಿಲ್ಲಿಸಿ. ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರು ಬಸಿಯಿರಿ. ಕ್ಯಾನಿನಲ್ಲಿ ಮಾರುವ ಡೀಸೆಲ್, ಅಗ್ಗಕ್ಕೆ ಸಿಗುವ ಬೇರೆ ಎಣ್ಣೆ ಯಾವುದನ್ನೂ ಹಾಕಬೇಡಿ. ಫಿಲ್ಟರುಗಳನ್ನು ಕಂಪನಿ ಹೇಳಿದ ಕಿಲೋಮೀಟರಿಗೆ ಬದಲಿಸಿ. ಅಷ್ಟು ಓಡದಿದ್ದರೆ ವರ್ಷಕ್ಕೊಮ್ಮೆ.

ಡೀಸೆಲ್ ಮುಗಿದು ನಿಂತರೆ ಅಥವಾ ಫಿಲ್ಟರ್ ಬದಲಿಸಿದರೆ ಪೈಪಿನೊಳಗೆ ಹವಾ ಹಿಡಿಯುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ಡೀಸೆಲ್ ಕುಗ್ಗುವುದಿಲ್ಲ. ಪೈಪಿನಲ್ಲಿ ಗಾಳಿ ಇದ್ದರೆ ಪಂಪಿನ ಒತ್ತಡ ನಾಜಲ್ ತೆರೆಯುವಷ್ಟು ಏರುವುದಿಲ್ಲ. ಹವಾ ತೆಗೆಯುವುದು ಮನೆಯ ಒಬ್ಬರಾದರೂ ಕಲಿತಿರಬೇಕಾದ ಕೆಲಸ. ಫಿಲ್ಟರಿನ ತಲೆಯ ಮೇಲಿನ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಕೈಪಂಪನ್ನು ಒತ್ತುತ್ತಾ ಹೋಗಿ. ಮೊದಲು ನೊರೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್ ಬರುತ್ತದೆ. ಬಿಗಿ ಮಾಡಿ. ಇಂಧನ ಪಂಪಿನ ಮೇಲಿನ ಸ್ಕ್ರೂಗೂ ಹಾಗೇ. ಆಗಲೂ ಹಿಡಿಯದಿದ್ದರೆ ನಾಜಲಿನ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಸೆಲ್ಫ್ ಹೊಡೆಯಿಸಿ, ಡೀಸೆಲ್ ಚಿಮ್ಮಿದಾಗ ಬಿಗಿ ಮಾಡಬೇಕು. ಚಿಮ್ಮುವ ಕಡೆಗೆ ಕೈ, ಮುಖ ಒಡ್ಡಬಾರದು. ಆ ಒತ್ತಡದ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ. ಇದೆಲ್ಲ ಹಳೆಯ ಯಾಂತ್ರಿಕ ಪಂಪಿಗೆ ಮಾತ್ರ. ಕಾಮನ್ ರೈಲ್ ಎಂಜಿನ್ ಆದರೆ ಒತ್ತಡ ಸಾವಿರ ಬಾರ್ ದಾಟಿರುತ್ತದೆ, ಅದರ ಪೈಪನ್ನು ರಸ್ತೆ ಬದಿಯಲ್ಲಿ ಮುಟ್ಟಲೇಬಾರದು.

ಹೊಗೆ ನೋಡಿ ರೋಗ ಹೇಳಬಹುದು. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚಾಗಿದೆ ಅಥವಾ ಗಾಳಿ ಸಾಲುತ್ತಿಲ್ಲ, ಮೊದಲು ಏರ್ ಫಿಲ್ಟರ್ ನೋಡಿ, ಆಮೇಲೆ ನಾಜಲ್. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ. ಬೆಳಗಿನ ಚಳಿಯಲ್ಲಿ ಒಂದು ನಿಮಿಷ ಬಿಳಿ ಹೊಗೆ ಬಂದರೆ ಚಿಂತೆಯಿಲ್ಲ, ಬಿಸಿಯಾದ ಮೇಲೂ ಬರುತ್ತಿದ್ದರೆ ಟೈಮಿಂಗ್ ತಪ್ಪಿದೆ ಅಥವಾ ನೀರು ಸಿಲಿಂಡರಿಗೆ ಹೋಗುತ್ತಿದೆ. ಪಂಪು, ನಾಜಲುಗಳನ್ನು ಕಿವಿಯ ಅಂದಾಜಿನ ಮೇಲೆ ತಿರುಗಿಸಲು ಯಾರಿಗೂ ಬಿಡಬೇಡಿ. ಪರೀಕ್ಷಾ ಯಂತ್ರ ಇರುವ ಕಡೆಗೇ ಒಯ್ದು ಕ್ಯಾಲಿಬ್ರೇಶನ್ ಮಾಡಿಸಿ. ಹೊಗೆ ತಪಾಸಣೆಯಲ್ಲೂ ಇದು ಕಾಣುತ್ತದೆ: ಬಿಎಸ್ 4 ಮಾನದಂಡಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಹೊಗೆಯ ದಟ್ಟಣೆಯಲ್ಲಿ 2.45ರ ಮಿತಿ, ಬಿಎಸ್ 4ಕ್ಕೆ 1.62. ಹಳೆಯದಕ್ಕೆ ಸರ್ಟಿಫಿಕೇಟು ಆರು ತಿಂಗಳಿಗೊಮ್ಮೆ, ಬಿಎಸ್ 4ರಿಂದ ಈಚಿನದಕ್ಕೆ ವರ್ಷಕ್ಕೊಮ್ಮೆ.

ಆಯಿಲಿನ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಡೀಸೆಲ್ ಎಂಜಿನಿನಲ್ಲಿ ಆಯಿಲ್ ಬೇಗ ಕಪ್ಪಾಗುವುದು ಸಹಜ. ಸಮತಟ್ಟಿನಲ್ಲಿ ನಿಲ್ಲಿಸಿ ಬೆಳಿಗ್ಗೆ ಕಡ್ಡಿ ಎಳೆದು ನೋಡಿ. ಟರ್ಬೊ ಇರುವ ಎಂಜಿನನ್ನು ಓಡಿ ಬಂದ ಕೂಡಲೇ ಆಫ್ ಮಾಡದೆ ಒಂದೆರಡು ನಿಮಿಷ ನಿಧಾನಕ್ಕೆ ಓಡಲು ಬಿಡಿ, ಯಾಕೆಂದರೆ ಕಾದ ಟರ್ಬೊದ ಬೇರಿಂಗಿಗೆ ಆಯಿಲ್ ಹರಿಯುವುದು ಎಂಜಿನ್ ತಿರುಗುತ್ತಿರುವ ತನಕ ಮಾತ್ರ.

ಬ್ರೇಕು

ಹಳೆಯ ಬಸ್ಸು ತಡವಾಗಿ ಹೊರಟರೂ ಆದೀತು, ನಿಲ್ಲಬೇಕಾದ ಕಡೆ ನಿಲ್ಲಲೇಬೇಕು. ಖರ್ಚು ಮಾಡಲು ಕೈಯಲ್ಲಿ ಹಣ ಸ್ವಲ್ಪವೇ ಇದ್ದರೆ ಬಣ್ಣ, ಸೀಟ್ ಕವರು, ಸೌಂಡ್ ಸಿಸ್ಟಂ ಎಲ್ಲ ಬಿಟ್ಟು ಮೊದಲು ಬ್ರೇಕಿಗೆ ಹಾಕಿ.

ದೊಡ್ಡ ಬಸ್ಸುಗಳಲ್ಲಿ ಹವಾ ಬ್ರೇಕು. ಎಂಜಿನ್ ಓಡಿಸುವ ಕಂಪ್ರೆಸರ್ ಗಾಳಿಯನ್ನು ಟ್ಯಾಂಕುಗಳಲ್ಲಿ ತುಂಬುತ್ತದೆ. ಮೀಟರಿನಲ್ಲಿ 7ರಿಂದ 8 ಬಾರ್ ಇರಬೇಕು. ಗಾಳಿ ಒತ್ತಿದಾಗ ಅದರೊಳಗಿನ ತೇವ ನೀರಾಗುತ್ತದೆ. ಟ್ಯಾಂಕಿನ ಕೆಳಗಿನ ಕೀಲಿಯಿಂದ ಆ ನೀರನ್ನು ದಿನವೂ ಬಸಿಯಬೇಕು, ಇಲ್ಲದಿದ್ದರೆ ವಾಲ್ವುಗಳು ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ನೀರಿನ ಜೊತೆ ಆಯಿಲ್ ಬಂದರೆ ಕಂಪ್ರೆಸರಿನ ರಿಂಗು ಸವೆದಿದೆ. ಪರೀಕ್ಷೆ ಸುಲಭ: ಹವಾ ತುಂಬಿದ ಮೇಲೆ ಎಂಜಿನ್ ಆಫ್ ಮಾಡಿ, ಒಬ್ಬರು ಪೆಡಲ್ ತುಳಿದು ಹಿಡಿಯಲಿ, ಇನ್ನೊಬ್ಬರು ಗಾಡಿ ಸುತ್ತ ನಡೆದು ಸುಯ್ಯೆನ್ನುವ ಸದ್ದು ಹುಡುಕಲಿ. ಮುಳ್ಳು ಕಣ್ಣೆದುರೇ ಇಳಿಯುತ್ತಿದ್ದರೆ ಆ ಬಸ್ಸು ಹೊರಡಬಾರದು. ಹವಾ ಕಡಿಮೆಯಾದಾಗ ಬಡಿದುಕೊಳ್ಳುವ ಬಜರಿನ ತಂತಿಯನ್ನು ಕಿರಿಕಿರಿ ಎಂದು ಕಿತ್ತಿಟ್ಟಿರುವ ಬಸ್ಸುಗಳಿವೆ. ಕೊಂಡ ದಿನವೇ ಅದನ್ನು ಜೋಡಿಸಿ.

407ರಂಥ ಸಣ್ಣ ಬಸ್ಸುಗಳಲ್ಲಿ ಬ್ರೇಕ್ ಆಯಿಲ್ ಮತ್ತು ವ್ಯಾಕ್ಯೂಮ್ ಬೂಸ್ಟರ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯದು ಹೊಸದಿದ್ದಾಗ 205 ಡಿಗ್ರಿ ತನಕ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಡ್ರಮ್ಮಿನ ಬಿಸಿಗೆ ಅದು ಕುದಿದು ಆವಿಯಾಗಿ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಬೂಸ್ಟರ್ ಪರೀಕ್ಷೆಗೆ ಎಂಜಿನ್ ಆಫ್ ಇರುವಾಗ ನಾಲ್ಕೈದು ಸಲ ಪೆಡಲ್ ತುಳಿದು, ತುಳಿದು ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಸರಿ ಇದೆ. ಈ ಗಾಡಿಗಳಲ್ಲಿ ಬಹಳಷ್ಟಕ್ಕೆ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ, ಅದಕ್ಕೆ ಎಂಜಿನಿನಿಂದ ಒಂದು ಸಣ್ಣ ಆಯಿಲ್ ಪೈಪು. ಆ ಪೈಪು ಒಡೆದರೆ ಎಂಜಿನ್ ಆಯಿಲ್ ಎಲ್ಲ ರಸ್ತೆಗೆ ಚೆಲ್ಲುತ್ತದೆ. ಬೆಲ್ಟು ಹರಿದರೆ ಚಾರ್ಜಿಂಗೂ ಹೋಗುತ್ತದೆ, ಬ್ರೇಕಿನ ನೆರವೂ ಹೋಗುತ್ತದೆ. ಇಷ್ಟು ಚಿಕ್ಕ ಪೈಪು ಮತ್ತು ಬೆಲ್ಟಿನ ಮೇಲೆ ಇಷ್ಟೊಂದು ನಿಂತಿದೆ ಎಂದು ಗೊತ್ತಿದ್ದರೆ ಯಾರೂ ಅವನ್ನು ಇನ್ನೊಂದು ಸೀಸನ್‌ಗೆ ನೂಕುವುದಿಲ್ಲ.

ಬ್ರೇಕ್ ಲೈನರಿನ ರಿವೆಟ್ಟು ಡ್ರಮ್ಮಿಗೆ ತಾಗುವ ಮೊದಲೇ ಬದಲಿಸಿ, ಎಡ ಬಲ ಎರಡೂ ಒಟ್ಟಿಗೆ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸುವ ಚಾಲಕನಿದ್ದರೆ ಅವನಿಗೆ ಹೇಳಿ ತಿದ್ದಿ, ಕೇಳದಿದ್ದರೆ ಬೇರೆಯವರನ್ನು ನೋಡಿ. ಗೇರಿನಲ್ಲಿದ್ದಾಗ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ.

ಟೈರಿಗೂ ಹಣ ಉಳಿಸಬೇಡಿ. ಕಡಿಮೆ ಓಡುವ ಮನೆಯ ಬಸ್ಸಿನಲ್ಲಿ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ನೋಡಿ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಟ್ರೆಡ್ ಚೆನ್ನಾಗಿದೆ ಎಂದು ಹತ್ತು ವರ್ಷದ ಟೈರಿನ ಮೇಲೆ ಮೇ ತಿಂಗಳಲ್ಲಿ ಹೈದರಾಬಾದಿಗೆ ಹೊರಡಬೇಡಿ. ರೀಟ್ರೆಡ್ ಟೈರು ಮುಂದಿನ ಗಾಲಿಗೆ ಬೇಡ. ಹವಾ ನೋಡುವುದು ಟೈರು ತಣ್ಣಗಿದ್ದಾಗ. ಹಿಂದಿನ ಜೋಡಿ ಗಾಲಿಗಳಲ್ಲಿ ಒಳಗಿನದನ್ನು ಯಾರೂ ನೋಡುವುದಿಲ್ಲ. ಅದರಲ್ಲಿ ಹವಾ ಇಳಿದರೆ ಭಾರವೆಲ್ಲ ಹೊರಗಿನದರ ಮೇಲೆ ಬಿದ್ದು ಅದು ಸಿಡಿಯುತ್ತದೆ. ಎರಡರ ನಡುವೆ ಕಲ್ಲು ಸಿಕ್ಕಿದ್ದರೆ ತೆಗೆಯಿರಿ. ಗಾಲಿ ಬಿಚ್ಚಿ ಹಾಕಿದ ಮೇಲೆ ಐವತ್ತು ನೂರು ಕಿಲೋಮೀಟರಿಗೆ ನಟ್ಟುಗಳನ್ನು ಮತ್ತೆ ಬಿಗಿ ಮಾಡಬೇಕು. ಪಾಟಾಗಳ ಪಿನ್ನಿಗೆ ಗ್ರೀಸು, ಯು ಬೋಲ್ಟಿನ ಬಿಗಿ, ಸ್ಟೇರಿಂಗಿನ ಆಟ ಇವನ್ನೂ ಅದೇ ಸಲ ನೋಡಿಸಿ.

ತಂತಿ ಮತ್ತು ಬೆಂಕಿ

ಸಣ್ಣ ಬಸ್ಸಿಗೆ 12 ವೋಲ್ಟು, ದೊಡ್ಡದಕ್ಕೆ ಎರಡು ಬ್ಯಾಟರಿ ಸೇರಿ 24. ಎಂಜಿನ್ ಓಡುವಾಗ ಮೊದಲನೆಯದರಲ್ಲಿ 14ರ ಹತ್ತಿರ, ಎರಡನೆಯದರಲ್ಲಿ 28ರ ಹತ್ತಿರ ತೋರಿಸಬೇಕು. ಸೆಲ್ಫ್ ಎಳೆಯುತ್ತಿಲ್ಲ ಎಂದರೆ ಹೊಸ ಬ್ಯಾಟರಿ ಕೊಳ್ಳುವ ಮೊದಲು ಟರ್ಮಿನಲ್ಲನ್ನೂ, ಚಾಸಿಗೆ ಕಟ್ಟಿದ ಅರ್ಥಿಂಗ್ ಪಟ್ಟಿಯನ್ನೂ ಬಿಚ್ಚಿ ಉಜ್ಜಿ ಕಟ್ಟಿ ನೋಡಿ. ಬಸ್ಸು ಧಾನ್ಯದ ಕೋಣೆಯ ಪಕ್ಕ ನಿಂತರೆ ಇಲಿ ತಂತಿಯ ಸಿಪ್ಪೆ ತಿನ್ನುತ್ತದೆ. ಪ್ರವಾಸದ ಹಿಂದಿನ ದಿನ ಟಾರ್ಚ್ ಹಿಡಿದು ನೋಡಬೇಕು.

ಕಂಪನಿ ಹಾಕಿದ ತಂತಿಗಿಂತ ಆಮೇಲೆ ಸೇರಿಸಿದ ತಂತಿ ಹೆಚ್ಚು ಅಪಾಯ. ಟಿವಿ, ಬಣ್ಣದ ಲೈಟು, ಮೊಬೈಲ್ ಚಾರ್ಜರು, ದೊಡ್ಡ ಸ್ಪೀಕರು ಎಲ್ಲವನ್ನೂ ಒಂದೇ ಸಣ್ಣ ತಂತಿಯಿಂದ, ಫ್ಯೂಸ್ ಇಲ್ಲದೆ, ನೇರ ಬ್ಯಾಟರಿಯಿಂದ ಎಳೆದಿರುತ್ತಾರೆ. ಅದು ತಗಡಿನ ಅಂಚಿಗೆ ಉಜ್ಜಿ ಸಿಪ್ಪೆ ಹರಿದರೆ ಸೀಟಿನ ಫೋಮಿಗೆ ಬೆಂಕಿ ಹತ್ತಲು ತಡವಾಗದು. ಬೇಡದ್ದನ್ನು ಕಿತ್ತುಹಾಕಿ, ಉಳಿದ ಪ್ರತಿಯೊಂದಕ್ಕೂ ಬೇರೆ ಫ್ಯೂಸ್ ಹಾಕಿಸಿ.

ಯಾತ್ರೆಗೆ ಹೊರಟಾಗ ಗ್ಯಾಸ್ ಸಿಲಿಂಡರು, ಒಲೆ, ಸೀಮೆಎಣ್ಣೆ ಡಬ್ಬಿಗಳನ್ನು ಸೀಟಿನ ಕೆಳಗೋ ಹಿಂದಿನ ತುರ್ತು ಬಾಗಿಲಿನ ಮುಂದೆಯೋ ಇಡುವ ಪದ್ಧತಿ ಇದೆ. ದಾರಿಯಲ್ಲಿ ಅಡುಗೆ ಮಾಡಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಸಂತೋಷ ನನಗೂ ಗೊತ್ತು. ಆದರೂ ಹೇಳುತ್ತೇನೆ, ಜನ ಕೂರುವ ಬಸ್ಸಿನೊಳಗೆ ಸಿಲಿಂಡರ್ ಬೇಡವೇ ಬೇಡ. ರೊಟ್ಟಿ, ಹಿಂಡಿ, ಚಪಾತಿ ಕಟ್ಟಿಕೊಂಡು ಹೋಗಿ, ಊಟ ಛತ್ರದಲ್ಲಿ ಮಾಡಿ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಆಗಿನ ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಗೆ ಬಡಿದು ಹೊತ್ತಿದಾಗ 45 ಮಂದಿ ಸತ್ತರು. ಬಸ್ಸಿಗೆ ಬೆಂಕಿ ಬಿದ್ದರೆ ಹೊರಗೆ ಬರಲು ಸಿಗುವ ಹೊತ್ತು ಬಹಳ ಕಡಿಮೆ. ತುರ್ತು ಬಾಗಿಲಿನ ಹಿಡಿಕೆ ಒಳಗಿನಿಂದಲೂ ಹೊರಗಿನಿಂದಲೂ ತೆರೆಯುತ್ತದೆಯೇ, ತುಕ್ಕು ಹಿಡಿದಿದೆಯೇ ಎಂದು ಪ್ರತಿ ಪ್ರವಾಸಕ್ಕೂ ಮುಂಚೆ ತೆರೆದು ನೋಡಿ. ಗಂಟುಮೂಟೆ ಅದಕ್ಕೆ ಅಡ್ಡ ಇಡಬೇಡಿ. ಬೆಂಕಿ ಆರಿಸುವ ಪೌಡರ್ ಸಿಲಿಂಡರು ಚಾಲಕನ ಕೈಗೆ ಸಿಗುವ ಕಡೆ ಇರಲಿ, ಮುಳ್ಳು ಹಸಿರಿನಲ್ಲಿರಲಿ.

ಕಾಗದ, ವಹಿ, ನಿಲ್ಲಿಸುವ ರೀತಿ

ಬೀದರಿನ ಗಾಡಿಗೆ ಕೆಎ 38, ಭಾಲ್ಕಿಯದಕ್ಕೆ ಕೆಎ 39. ತೆಲಂಗಾಣ, ಮಹಾರಾಷ್ಟ್ರ ಎರಡೂ ಗಡಿ ಹತ್ತಿರವಿರುವುದರಿಂದ ಆ ಕಡೆಯ ಬಸ್ಸು ಕೊಳ್ಳುವುದು ಹೆಚ್ಚು. ಹಾಗೆ ಕೊಂಡರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತಂದು, 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿನ ಸಂಖ್ಯೆ ಪಡೆಯಬೇಕು. ಬಾಡಿಗೆ ವಾಹನವಾಗಿ ನೋಂದಾಯಿಸಿದ ಬಸ್ಸಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಸರ್ಟಿಫಿಕೇಟು ಬೇಕು. ಮನೆ ಬಳಕೆಗೆಂದು ನೋಂದಾಯಿಸಿದ ಬಸ್ಸಿನಲ್ಲಿ ಒಬ್ಬರಿಂದಲೂ ಟಿಕೆಟ್ ಹಣ ತೆಗೆದುಕೊಳ್ಳಬೇಡಿ. ಅಪಘಾತವಾದರೆ ವಿಮಾ ಕಂಪನಿ ಅದನ್ನೇ ಹಿಡಿದು ಕೂರುತ್ತದೆ. ಚಾಲಕನ ಲೈಸೆನ್ಸೂ ನೋಡಿ. 2024ರ ನವೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಲಘು ವಾಹನದ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕಿಲೋದೊಳಗಿನ ಸಾರಿಗೆ ವಾಹನ ಓಡಿಸಬಹುದು. ಅದಕ್ಕಿಂತ ಭಾರದ ಬಸ್ಸಿಗೆ ಬೇರೆ ಲೈಸೆನ್ಸು ಬೇಕೇ ಬೇಕು.

ಈ ಪ್ರದೇಶಕ್ಕೆ ಬಸ್ಸು ನೋಡಿಕೊಳ್ಳುವ ಶಿಸ್ತು ಹೊಸದಲ್ಲ. ಬೀದರ್ ನಿಜಾಮರ ಸಂಸ್ಥಾನದಲ್ಲಿದ್ದಾಗ, 1932ರಲ್ಲಿ, ಆ ಸಂಸ್ಥಾನದ ರೈಲ್ವೆ ಇಲಾಖೆ 27 ಬಸ್ಸುಗಳಿಂದ ಸರ್ಕಾರಿ ರಸ್ತೆ ಸಾರಿಗೆ ಆರಂಭಿಸಿತು. ಇವತ್ತಿನ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಡಿಪೋಗಳು ಬೀದರ್, ಭಾಲ್ಕಿ, ಔರಾದಗಳಲ್ಲಿವೆ. ಡಿಪೋದಿಂದ ಕಲಿಯಬೇಕಾದದ್ದು ಒಂದಿದೆ: ಗಾಡಿಯ ತೊಂದರೆಯನ್ನು ಬಾಯಲ್ಲಿ ಹೇಳಿ ಮರೆಯದೆ ಬರೆದಿಡುವುದು. ಮನೆಯ ಬಸ್ಸಿಗೂ ಒಂದು ವಹಿ ಇಡಿ. ಯಾವ ದಿನ, ಎಷ್ಟು ಕಿಲೋಮೀಟರಿಗೆ ಏನು ಬದಲಿಸಲಾಯಿತು, ಎಷ್ಟು ಆಯಿಲ್, ನೀರು ಹಿಡಿಯಿತು, ಚಾಲಕ ಏನು ಸದ್ದು ಕೇಳಿದ ಎಂದು ಬರೆಯಿರಿ. ಮಿಸ್ತ್ರಿ ಬದಲಾದರೂ, ಅಣ್ಣನ ಕೈಯಿಂದ ತಮ್ಮನ ಕೈಗೆ ಬಂದರೂ ಗಾಡಿಯ ಚರಿತ್ರೆ ಕೈಯಲ್ಲಿರುತ್ತದೆ. ಆಯಿಲ್ ಹಿಡಿಯುವ ಪ್ರಮಾಣ ತಿಂಗಳು ತಿಂಗಳು ಏರುತ್ತಿರುವುದು ಬರೆದಿಟ್ಟಾಗ ಮಾತ್ರ ಕಣ್ಣಿಗೆ ಬೀಳುತ್ತದೆ.

ಮನೆಯ ಬಸ್ಸು ಓಡಿ ಕೆಡುವುದಕ್ಕಿಂತ ನಿಂತು ಕೆಡುವುದು ಹೆಚ್ಚು. ಬ್ಯಾಟರಿ ಇಳಿಯುತ್ತದೆ, ಬ್ರೇಕ್ ಲೈನರು ಡ್ರಮ್ಮಿಗೆ ಅಂಟುತ್ತದೆ, ಸೀಲುಗಳು ಒಣಗುತ್ತವೆ. ಬಾಗಿಲಲ್ಲಿ ನಿಲ್ಲಿಸಿ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಉಪಯೋಗವಿಲ್ಲ. ಎಂಜಿನ್ ಪೂರ್ತಿ ಬಿಸಿಯಾಗದೆ ಆಯಿಲಿನಲ್ಲಿ ತೇವ ಸೇರುತ್ತದೆ. ವಾರ ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ಕಿಲೋಮೀಟರಾದರೂ ರಸ್ತೆಗೆ ತೆಗೆಯಿರಿ. ಭಾಲ್ಕಿಯಿಂದ ಹಾಲಬರ್ಗಾದ ತನಕ ಹೋಗಿ ಬಂದರೂ ಆಯಿತು. ಬಸ್ಸಿನಲ್ಲಿ ಒಂದು ಚೀಲ ಸದಾ ಇರಲಿ: ಬೆಲ್ಟು, ಮೇಲಿನ ಕೆಳಗಿನ ಹೋಸು, ಕ್ಲಿಪ್ಪುಗಳು, ಎರಡು ಡೀಸೆಲ್ ಫಿಲ್ಟರು, ಫ್ಯೂಸು, ಬಲ್ಬು, ಟಾರ್ಚು, ಐದು ಲೀಟರ್ ಆಯಿಲ್, ನೀರಿನ ಕ್ಯಾನು, ಪ್ರತಿಫಲನದ ತ್ರಿಕೋನ, ಮತ್ತು ನಿಜವಾಗಿ ಹವಾ ಇರುವ ಸ್ಟೆಪ್ನಿ.

ಕಡೆಯದಾಗಿ, ಯಾವ ಬಸ್ಸನ್ನು ಉಳಿಸಿಕೊಳ್ಳಬಾರದು ಎಂಬುದು. ಎಂಜಿನ್ ಹಳತಾದರೆ ಕಟ್ಟಿಸಬಹುದು, ಗೇರ್ ಬಾಕ್ಸ್ ಬದಲಿಸಬಹುದು, ತಂತಿಯನ್ನು ಹೊಸದಾಗಿ ಎಳೆಸಬಹುದು. ಚಾಸಿಯ ಉದ್ದ ತೊಲೆಯಲ್ಲಿ ಬಿರುಕು ಬಿಟ್ಟಿದ್ದರೆ, ಸೀಟು ಕಟ್ಟಿದ ನೆಲದ ತಗಡು ತುಕ್ಕು ತಿಂದು ಬೆರಳಿಗೆ ಕುಸಿಯುತ್ತಿದ್ದರೆ, ಮೇಲೆ ಎಷ್ಟೇ ಹೊಸ ಬಣ್ಣವಿದ್ದರೂ ಅದನ್ನು ಬೆಸುಗೆ ಹಾಕಿಸಿ ಮನೆಯವರನ್ನು ಕೂರಿಸಬೇಡಿ. ಅಂಥ ಬಸ್ಸನ್ನು ಇನ್ನೊಬ್ಬರಿಗೆ ಮಾರಲೂ ಬೇಡಿ, ಗುಜರಿಗೆ ಕೊಟ್ಟು ನೋಂದಣಿ ರದ್ದು ಮಾಡಿಸಿ.